ಗಾಳಿಯ ಪಾಲು

ಮಣ್ಣು ಪರೀಕ್ಷೆಯ ಚೀಟಿ ಹುಣಸೂರಿನಿಂದ ಬಂತು:
ರಸಸಾರ ಐದು ಪಾಯಿಂಟ್ ಒಂದು.
"ಹುಳಿ ಜಾಸ್ತಿ" ಅಂದರು ಶಾಹಿದಾ ಮೇಡಂ,
ಸಾರು ರುಚಿ ನೋಡಿ ಅಂದಷ್ಟು ಸಲೀಸಾಗಿ.

ನಮಗೆ ಗೊತ್ತಿರಲಿಲ್ಲವೆಂದಲ್ಲ.
ಹೊಗೆಸೊಪ್ಪು ಕೈಬಿಟ್ಟು ಹುಲ್ಲಿಗೆ ಬಿಟ್ಟ ಮೇಲೆ
ಗರಿಕೆ ಹಬ್ಬಬೇಕಾದಲ್ಲೆಲ್ಲ ಹುಳಿಸೊಪ್ಪು ಹಬ್ಬಿತ್ತು.
ನಮ್ಮ ಬೂದಿ ಮೂಸಿ ಮೂಸಿ ಮುಖ ತಿರುಗಿಸುತ್ತಿದ್ದಳು.
ಇಪ್ಪತ್ತು ವರ್ಷ ಸೀಮೆಗೊಬ್ಬರ ತಿಂದ ನೆಲ
ಈಗ ತೇಗಿದರೆ ಹುಳಿತೇಗೇ ತಾನೆ.

ಚೀಟಿಗೂ ಮುಂಚೆ
ಎಂಟು ಕಡೆ ಅಗೆದು, ಅತ್ತೆಯ ಹಳೇ ಸೀರೆಯ ಮೇಲೆ
ಮಣ್ಣು ಹರವಿ, ನಾಲ್ಕು ಪಾಲು ಮಾಡಿ, ಎರಡು ಎಸೆದು,
ಉಳಿದದ್ದು ಮತ್ತೆ ನಾಲ್ಕು ಪಾಲು, ಮತ್ತೆ ಎರಡು ಎಸೆದು,
ಕೊನೆಗೆ ಅರ್ಧ ಕೆಜಿ ಕಟ್ಟಿ ಕಳಿಸಿದ್ದೆ.
ಪಾಲು ಮಾಡುವುದರಲ್ಲಿ ನಮ್ಮ ಮನೆ ಪಳಗಿದ ಮನೆ.
ಈ ಎರಡೆಕರೆಯೂ ಹಾಗೆಯೇ:
ಪಡುವಲದ್ದು ನಮಗೆ, ಮೂಡಲದ್ದು ಓರಗಿತ್ತಿ ಚೆಲುವಾಜಿಗೆ.
ಬದುವಿಲ್ಲ. ಎರಡು ಕಲ್ಲು,
ಕಲ್ಲಿಂದ ಕಲ್ಲಿಗೆ ಆರು ವರ್ಷದ ಮೌನ.

"ಸುಣ್ಣವಾ? ನನ್ ಮಣ್ಗೆ ಯಾವ ಹುಳೀನೂ ಇಲ್ಲ"
ಎಂದು ಚೆಲುವಾಜಿ ಹೇಳಿದ್ದು ನನಗಲ್ಲ,
ನಲ್ಲಿಯ ಕೆಳಗೆ ತುಂಬುತ್ತಿದ್ದ ಬಿಂದಿಗೆಗೆ.
ಹುಳಿ ಹಿಂಡಿದವರು ಯಾರೆಂದು ಬಿಂದಿಗೆಗೂ ಗೊತ್ತು.
ಅದು ಇರಲಿ.

ಅತ್ತೆ ಎಲೆಯ ತೊಟ್ಟು ಮುರಿದು ನಕ್ಕರು:
"ಮಣ್ಗೂ ಎಲಡ್ಕೆ ಹಾಕುಸ್ತಿಯೇನೆ? ಹಾಕ್ಸು.
ಸುಣ್ಣ ಕಮ್ಮಿ ಆದ್ರೆ ಬಾಯಿ ಕೆಂಪಗಾಗಕಿಲ್ಲ,
ಜಾಸ್ತಿ ಆದ್ರೆ ನಾಲ್ಗೆ ಸುಟ್ಟೋಯ್ತದೆ."

ಮೇಡಂ ಹೇಳಿದ್ದೂ ಅದನ್ನೇ, ಲೆಕ್ಕ ಹಾಕಿ:
ಎಕರೆಗೆ ಎಂಟು ಕ್ವಿಂಟಾಲ್, ಸುಣ್ಣಕಲ್ಲಿನ ಪುಡಿ.
ಸುಟ್ಟ ಸುಣ್ಣ ಬೇಡ. ಯೂರಿಯಾ ಜೊತೆ ಬೇಡ.
ಉಳುವುದೂ ಬೇಡ, ಹುಲ್ಲಿನ ಮೇಲೇ ಚೆಲ್ಲಿ,
ಗಾಳಿ ಇಲ್ಲದ ದಿನ ನೋಡಿ ಚೆಲ್ಲಿ.

ಮೇ ತಿಂಗಳ ಒಂದು ಬೆಳಗಿನ ಜಾವ
ಮೂಗಿಗೆ ಸೆರಗು ಬಿಗಿದು ಮೊರ ಹಿಡಿದೆ.
ರೆಪ್ಪೆ ನರೆಯಿತು, ಬಳೆ ನರೆಯಿತು,
ಬೆಳ್ಳಕ್ಕಿಯೊಂದು ಇಳಿದು, ತನ್ನ ಬಣ್ಣದ ನೆಲ ಕಂಡು
ಒಂಟಿಕಾಲಲ್ಲಿ ಬಹಳ ಹೊತ್ತು ಯೋಚಿಸಿತು.
ಹದಿನೈದನೇ ಚೀಲ ಬಿಚ್ಚುವಾಗ ಗಾಳಿ ಎದ್ದಿತು.
ಮೊರದಲ್ಲಿದ್ದದ್ದು ಎದ್ದು, ಕಲ್ಲು ದಾಟಿ,
ಮೂಡಲಕ್ಕೆ ಹೋಯಿತು.
ಬೆಣ್ಣೆಯಾದರೆ ಬೆರಳಲ್ಲಿ ಬಳಿದು ತರಬಹುದು.
ಸುಣ್ಣವನ್ನು ವಾಪಸು ಕರೆಯುವುದು ಹೇಗೆ?

ಮಳೆ ಬಂತು. ಬಿಳಿ ಮಾಯವಾಯಿತು.
ಮತ್ತೇನೂ ಆಗಲಿಲ್ಲ.
ಊರವರು ಕೇಳಿದರು, ಹೊಲಕ್ಕೆ ಬಳಿದೆಯಂತೆ, ಗೋಡೆಗೆ ಉಳಿಯಿತಾ?
ಉಳದ ನೆಲದಲ್ಲಿ ಸುಣ್ಣ
ವರ್ಷಕ್ಕೊಂದು ಬೆರಳು ಇಳಿಯುತ್ತದಂತೆ,
ತುಂಬಿದ ಮನೆಗೆ ಬಂದ ಹೊಸ ಸೊಸೆಯ ಹಾಗೆ
ಯಾರ ಕಾಲೂ ತುಳಿಯದೆ, ಗೋಡೆ ಸವರಿಕೊಂಡು.

ಎರಡನೇ ಮಳೆಗೆ ಹುಳಿಸೊಪ್ಪು ಅಂಚಿಗೆ ಸರಿಯಿತು.
ಎರೆಹುಳದ ಹಿಕ್ಕೆ ಕಂಡಿತು, ಸಾಸಿವೆ ಚೆಲ್ಲಿದಂತೆ.
ಯಾರೂ ಬಿತ್ತದ ಕಾಡುಹುರುಳಿ ಗರಿಕೆಯನ್ನು ತಬ್ಬಿತು.
ಬೂದಿ ಮೂಸುವುದು ಬಿಟ್ಟು ಮೇದಳು,
ಮೇಯುತ್ತ ಕಲ್ಲಿನವರೆಗೆ ಹೋದಳು,
ಕಲ್ಲು ದಾಟಿ ಒಂದು ಮೊಳ ಹೋಗಿ
ಅಲ್ಲಿ ನಿಂತಳು.

ಆಗ ನೋಡಿದೆ: ಚೆಲುವಾಜಿಯ ಎಕರೆಯಲ್ಲಿ
ಕಲ್ಲಿನುದ್ದಕ್ಕೂ ಮೊಳದಗಲ ಹಸಿರು,
ಅಳತೆಗೋಲು ಕಾಣದ, ಅಂಕುಡೊಂಕಾದ
ಗಾಳಿ ಹಂಚಿಕೊಟ್ಟ ಪಾಲು.

ದಿನವೂ ಕುಡುಗೋಲು ಹಿಡಿದು
ಅವಳು ಮೊದಲು ಅಲ್ಲಿಗೇ ಬರುತ್ತಾಳೆ,
ನನ್ನ ಕಡೆ ಬೆನ್ನು ಹಾಕಿ ಕೂತು, ಹಿಡಿ ಹಿಡಿ ಕುಯ್ದು,
ತಲೆಯೆತ್ತದೆ ಹೋಗುತ್ತಾಳೆ.
ಅವಳ ಮಣ್ಣಿಗೆ ಯಾವ ಹುಳಿಯೂ ಇಲ್ಲ.

ಮೂರನೇ ವರ್ಷದ ಚೀಟಿಯಲ್ಲಿ ಐದು ಪಾಯಿಂಟ್ ಎಂಟು.
"ಇನ್ನು ನಾಲ್ಕು ಚೀಲ ಸಾಕು" ಅಂದರು ಮೇಡಂ,
"ಗಾಳಿ ಇಲ್ಲದ ದಿನ, ನೆನಪಿರಲಿ."
ನೆನಪಿತ್ತು.
ಮೂರು ದಿನ ಎಲೆ ಅಲುಗಲಿಲ್ಲ; ಚೀಲ ಬಿಚ್ಚಲಿಲ್ಲ.
ನಾಲ್ಕನೆಯ ದಿನ ಪಡುವಲ ಗಾಳಿ ಹೊಂಗೆಯನ್ನು ಬಗ್ಗಿಸುತ್ತಿತ್ತು.
ಕಲ್ಲಿನ ಪಕ್ಕ ನಿಂತು
ಮೊರವನ್ನು ಸ್ವಲ್ಪ ಎತ್ತರಕ್ಕೇ ಹಿಡಿದೆ.